ಪೊಟರೆ ಕಳೆದುಕೊಂಡ ಊರಿನಲ್ಲಿ ಗೂಬೆಗಳು

ಗೂಬೆ ಗೂಡು ಕಟ್ಟುವುದಿಲ್ಲ. ಟುವ್ವಿ ಹಕ್ಕಿ ಎಲೆಗೆ ಎಲೆ ಸೇರಿಸಿ ಹೊಲಿಯುತ್ತದೆ, ಗೀಜಗ ಹುಲ್ಲು ಸೀಳಿ ನೇಯುತ್ತದೆ, ಪಾರಿವಾಳ ಕೂಡ ನಾಲ್ಕು ಕಡ್ಡಿ ಅಡ್ಡಾದಿಡ್ಡಿ ಇಟ್ಟು ಸಂಸಾರ ಹೂಡುತ್ತದೆ. ನಮ್ಮ ಓಣಿಗಳ ಹಾಲಕ್ಕಿ ಗೂಬೆಗಾಗಲಿ, ಹೊಲಗಳ ಕಣಜ ಗೂಬೆಗಾಗಲಿ ಹೆಣೆಯುವ ವಿದ್ಯೆ ಬಾರದು. ಮರ ಕೊರೆಯುವ ಕೊಕ್ಕೂ ಅವಕ್ಕಿಲ್ಲ. ಮತ್ತೊಂದು ಹಕ್ಕಿ ಬಿಟ್ಟುಹೋದ ತೂತು, ಕೊಂಬೆ ಮುರಿದು ಕೊಳೆತ ಜಾಗದ ಪೊಟರೆ, ಹಾಳು ಗುಮ್ಮಟದ ಸಂದು, ಗೋಡೆಯ ಕಲ್ಲು ಜಾರಿದಲ್ಲಿ ಉಳಿದ ಖಾಲಿ, ಇಂಥವೇ ಅವುಗಳ ಮನೆ. ಕತ್ತಲೆಯಲ್ಲಿ ಬೇಟೆಯಾಡಲು ಬೇಕಾದ ಕಣ್ಣು, ಕಿವಿ, ರೆಕ್ಕೆಗಳೆಲ್ಲ ಈ ಹಕ್ಕಿಗೆ ಸಿಕ್ಕಿವೆ. ಆದರೆ ಮರಿ ಮಾಡಲು ಅದು ಬೇರೆಯವರನ್ನೇ ನಂಬಿಕೊಂಡಿದೆ.

ಕಲಬುರಗಿಯ ಗಾಜಿಪುರದಂಥ ಹಳೆಯ ಬಡಾವಣೆಗಳಲ್ಲಿ ಆ ನಂಬಿಕೆಗೆ ಬಹುಕಾಲ ಮೋಸವಾಗಲಿಲ್ಲ. ಶಹಾಬಾದ ಕಲ್ಲನ್ನು ಮಣ್ಣಿನಲ್ಲಿ ಕೂರಿಸಿದ ದಪ್ಪ ಗೋಡೆ, ಮೇಲೆ ಜಂತಿ ತೊಲೆ, ಮಾಳಿಗೆಯ ಕೆಳಗೆ ಬೆಳಕಿಂಡಿ. ಇಂಥ ಮನೆಯಲ್ಲಿ ಜಂತಿಯ ಸಂದು ಗುಬ್ಬಿಗೆ, ಗೋಡೆಯ ಬಿರುಕು ಗೊರವಂಕಕ್ಕೆ, ಅಂಗಳದ ಬೇವಿನ ಗಿಡದ ಪೊಟರೆ ಹಾಲಕ್ಕಿಗೆ ಎಂದು ಯಾರೂ ಹಂಚಿಕೊಡದಿದ್ದರೂ ಹಂಚಿಕೆಯಾಗಿರುತ್ತಿತ್ತು. ಈಗ ಎದ್ದಿರುವುದು ಆರ್‌ಸಿಸಿ ಮನೆ. ಗಿಲಾವು ನುಣುಪು, ಕಿಟಕಿಗೆ ಗಾಜು, ಒಂದು ಬೆರಳು ತೂರುವಷ್ಟೂ ಸಂದಿಲ್ಲ. ಗಿಡ ಉಳಿದ ಕಡೆಯಲ್ಲೂ ಒಣಗಿದ ಕೊಂಬೆಯನ್ನು ನಾವು ಮೊದಲು ಕಡಿಯುತ್ತೇವೆ. ತಂತಿಗೆ ತಾಗೀತು, ಮಕ್ಕಳ ತಲೆಯ ಮೇಲೆ ಬಿದ್ದೀತು ಎಂಬ ಭಯ ಸುಳ್ಳಲ್ಲ. ಆದರೆ ಪೊಟರೆಯಾಗುವುದು ಆ ಒಣ ಕೊಂಬೆಯೇ.

ನಗರದ ಹಕ್ಕಿಗಳಿಗೆ ನಾವು ಸಾಮಾನ್ಯವಾಗಿ ಕೊಡುವುದು ಕಾಳು ಮತ್ತು ನೀರು. ಬೇಸಿಗೆಯಲ್ಲಿ ನೀರು ಇಡಲೇಬೇಕು, ಆ ಮಾತು ಬೇರೆ. ಗೂಬೆಗೆ ಮಾತ್ರ ಇಲ್ಲಿ ಉಣ್ಣಲು ಕೊರತೆಯಿಲ್ಲ: ಬೀದಿದೀಪದ ಕೆಳಗೆ ರಾಶಿ ಹುಳು, ಕಿರಾಣಿ ಅಂಗಡಿ ಸಾಲಿನ ಹಿಂದೆ ಇಲಿ, ಚರಂಡಿಯ ಬದಿ ಜಿರಳೆ. ಕೊರತೆ ಇರುವುದು ತೂತಿಗೆ. ಪೊಟರೆಯ ಬದಲಿಗೆ ಗೂಬೆಗೆ ಹಲಗೆಯ ಪೆಟ್ಟಿಗೆ ಕಟ್ಟುವ ಕೆಲಸಕ್ಕೆ ಅರ್ಥ ಬರುವುದು ಇಷ್ಟು ಖಚಿತವಾದ ಮೇಲೆಯೇ, ಮತ್ತು ಖಚಿತವಾಗಬೇಕಾದರೆ ಮೊದಲು ಅಂಗಳವನ್ನು ನೋಡಬೇಕು.

ನೋಡುವುದೆಂದರೆ ಹೆಸರು ಪಟ್ಟಿ ಮಾಡುವುದಷ್ಟೇ ಅಲ್ಲ. ಯಾವ ಹಕ್ಕಿ ಯಾವ ತೂತಿನೊಳಗೆ ಹೋಗುತ್ತಿದೆ ಎಂದು ನೋಡಬೇಕು. ಆಗ ಒಂದು ಗಿಡದಲ್ಲಿಯೇ ದೊಡ್ಡ ವಹಿವಾಟು ಕಾಣುತ್ತದೆ. ಕಂಚುಕುಟಿಗ ಹಕ್ಕಿ ಒಣ ಕೊಂಬೆಯ ಅಡಿಭಾಗದಲ್ಲಿ ದುಂಡಗೆ ತೂತು ಕೊರೆಯುತ್ತದೆ. ಅದರ 'ಟುಕ್ ಟುಕ್' ಸದ್ದು ಮಧ್ಯಾಹ್ನದ ಬಿಸಿಲಿಗೇ ಸೇರಿದ್ದು ಎನ್ನುವಷ್ಟು ನಮಗೆ ಪರಿಚಿತ. ಮರಕುಟಿಗ ಇನ್ನೂ ದೊಡ್ಡದನ್ನು ಕೊರೆಯುತ್ತದೆ. ಕೊರೆದವರು ಬಿಟ್ಟುಹೋದ ಮೇಲೆ ಆ ತೂತುಗಳು ಮಳೆಗೆ ಕೊಳೆತು ಅಗಲವಾಗುತ್ತವೆ. ಗಿಳಿ ಬರುತ್ತದೆ, ಗೊರವಂಕ ಬರುತ್ತದೆ, ಚಂದ್ರಮುಕುಟ ಬರುತ್ತದೆ, ಕೊನೆಗೆ ಹಾಲಕ್ಕಿ. ಮಡಿವಾಳ ಹಕ್ಕಿಗೂ ಒಂದು ಪಾಲುಂಟು. ಕೊರೆಯುವವರು, ಕೊರೆದುದನ್ನು ಬಳಸುವವರು ಎಂಬ ಈ ಕೊಂಡಿಯನ್ನು ಪರಿಸರ ವಿಜ್ಞಾನಿಗಳು ಆಹಾರ ಜಾಲದ ಹಾಗೆಯೇ ಒಂದು ಗೂಡು ಜಾಲವೆಂದು ನೋಡುತ್ತಾರೆ. ಒಣ ಕೊಂಬೆ ಹೋದರೆ ಕಂಚುಕುಟಿಗ ಹೋಯಿತು, ಅದರ ಹಿಂದೆ ಬರಬೇಕಾದವರೆಲ್ಲರೂ ಹೋದರು.

ನಮ್ಮ ರಾಜ್ಯ ಪಕ್ಷಿ ನೀಲಕಂಠವೂ ಈ ಸಾಲಿನದೇ. ಅದೂ ಪೊಟರೆಯಲ್ಲೇ ಮೊಟ್ಟೆಯಿಡುತ್ತದೆ. ಬನ್ನಿ ಹಬ್ಬದ ದಿನ ನೀಲಕಂಠದ ದರ್ಶನವಾದರೆ ಶುಭ ಎನ್ನುತ್ತೇವೆ. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ, ಸಾವಿರಾರು ಹವ್ಯಾಸಿಗಳು ಇಬರ್ಡ್ ಜಾಲತಾಣದಲ್ಲಿ ದಾಖಲಿಸಿದ ಮೂರು ಕೋಟಿ ವೀಕ್ಷಣೆಗಳನ್ನು ಆಧರಿಸಿ, ಈ ಹಕ್ಕಿಯ ಸಂಖ್ಯೆ ಹನ್ನೆರಡು ವರ್ಷಗಳಲ್ಲಿ ಸುಮಾರು ಶೇ 30ರಷ್ಟು ಇಳಿದಿದೆ ಎಂದು ತೋರಿಸಿತು. ಆ ಲೆಕ್ಕ ಸಾಧ್ಯವಾದದ್ದು ಮಾಳಿಗೆಯ ಮೇಲೆ ನಿಂತು ಹದಿನೈದು ನಿಮಿಷ ಹಕ್ಕಿ ಎಣಿಸಿ ಬರೆದಿಟ್ಟ ಸಾಮಾನ್ಯ ಜನರಿಂದ. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ. 1998ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಎಣಿಕೆಗೆ ಭಾರತ 2013ರಲ್ಲಿ ಸೇರಿತು. ಫೆಬ್ರುವರಿ ನಮ್ಮ ಕಡೆ ಹಾಲಕ್ಕಿಯ ಸಂಸಾರದ ತಿಂಗಳು. ಹಾಗಾಗಿ ಗಾಜಿಪುರದವರು ಅಂಗಳದ ಎಣಿಕೆ ಶುರುಮಾಡಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ.

ಹಾಲಕ್ಕಿ ಗೇಣುದ್ದದ ಗೂಬೆ. ಬೂದುಗಂದು ಮೈ, ಅದರ ಮೇಲೆ ಬಿಳಿ ಚುಕ್ಕೆ, ಹಳದಿ ಕಣ್ಣು, ಬಿಳಿ ಹುಬ್ಬು. ಗೂಬೆಗಳಲ್ಲಿ ಹಗಲು ಹೊತ್ತಿನಲ್ಲೂ ಸುಲಭವಾಗಿ ಕಾಣಸಿಗುವುದು ಇದೇ. ಬೆಳಗಿನ ಎಳೆಬಿಸಿಲಿಗೆ ಪೊಟರೆಯ ಬಾಯಿಗೆ ಬಂದು ಕೂರುತ್ತದೆ, ನಾವು ದಿಟ್ಟಿಸಿದರೆ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತ ನಮ್ಮನ್ನೇ ದಿಟ್ಟಿಸುತ್ತದೆ. ಬೆದರಿಸಲು ಹೀಗೆ ಮಾಡುತ್ತದೆ ಎಂದು ಹಲವರು ತಿಳಿದಿದ್ದಾರೆ. ಆದರೆ ಗೂಬೆಯ ಕಣ್ಣುಗುಡ್ಡೆ ತನ್ನ ಗುಳಿಯೊಳಗೆ ಹೊರಳುವುದಿಲ್ಲ. ಬೇರೆ ಬೇರೆ ಕೋನದಿಂದ ನೋಡಿ ದೂರವನ್ನು ಅಳೆಯಲು ಅದು ತಲೆಯನ್ನೇ ಆಡಿಸಬೇಕು. ಹಾಗೆಂದೇ ಅದರ ಕುತ್ತಿಗೆಯಲ್ಲಿ ಹದಿನಾಲ್ಕು ಕಶೇರುಮಣಿಗಳಿವೆ, ನಮ್ಮದರ ಎರಡರಷ್ಟು. ಒಂದು ಬದಿಗೆ 270 ಡಿಗ್ರಿವರೆಗೆ ಕತ್ತು ತಿರುಗಿಸಬಲ್ಲದು.

ಸಂಜೆ ದೀಪ ಹತ್ತುವ ಹೊತ್ತಿಗೆ ಜೋಡಿ ಹೊರಗೆ ಬರುತ್ತದೆ. ಮೊದಲು ಜಗಳವಾಡಿದಂತೆ ಚಿರಚಿರ ಗಲಾಟೆ, ಆಮೇಲೆ ಬೇಟೆ. ತಂತಿಯ ಮೇಲೆ ಕೂತು ಬೀದಿದೀಪಕ್ಕೆ ಮುತ್ತುವ ಜೀರುಂಡೆ, ಪತಂಗಗಳನ್ನು ಹಿಡಿಯುತ್ತದೆ. ಹಲ್ಲಿ, ಇಲಿಮರಿಗಳನ್ನೂ ಬಿಡುವುದಿಲ್ಲ. ನವೆಂಬರಿನಿಂದ ಏಪ್ರಿಲ್‌ವರೆಗೆ ಮೊಟ್ಟೆ ಮರಿಗಳ ಕಾಲ. ಸಾಮಾನ್ಯವಾಗಿ ಮೂರು ನಾಲ್ಕು ಬಿಳಿ ಮೊಟ್ಟೆ. ಎಲ್ಲವನ್ನೂ ಇಟ್ಟು ಮುಗಿಸುವ ಮೊದಲೇ ಕಾವು ಶುರುವಾಗುವುದರಿಂದ ಮರಿಗಳು ಒಟ್ಟಿಗೆ ಹೊರಬರುವುದಿಲ್ಲ, ಹಿರಿದು ಕಿರಿದಾಗಿರುತ್ತವೆ. ಊಟ ಕಡಿಮೆ ಬಿದ್ದರೆ ಕಿರಿಯದು ಉಳಿಯುವುದಿಲ್ಲ. ಮೊದಲ ದಿನಗಳಲ್ಲಿ ಮರಿಗೆ ಜಿರಳೆಯಂಥ ಹುಳು, ಆಮೇಲೆ ಇಲಿ. ಪುಣೆಯ ಪಕ್ಷಿತಜ್ಞ ಸತೀಶ ಪಾಂಡೆ ಮತ್ತು ಅವರ ಸಂಗಡಿಗರು ಮಹಾರಾಷ್ಟ್ರದ ಹಳ್ಳಿ ಹೊಲಗಳಲ್ಲಿ ಈ ಗೂಬೆಯನ್ನು ಅಧ್ಯಯನ ಮಾಡಿ ಕಂಡದ್ದು ನಮಗೆ ಮುಖ್ಯ: ಊಟದಲ್ಲಿ ಇಲಿಯ ಪಾಲು ಹೆಚ್ಚಿದ್ದಷ್ಟೂ ಹೆಚ್ಚು ಮರಿ ಬದುಕುತ್ತವೆ, ಮತ್ತು ಮನುಷ್ಯರ ಮನೆಗಳ ಹತ್ತಿರ ಗೂಡು ಮಾಡಿದ ಜೋಡಿಗಳೇ ಹೆಚ್ಚು ಗೆಲ್ಲುತ್ತವೆ. ಹಾಲಕ್ಕಿ ನಮ್ಮ ಓಣಿಗೆ ದಾರಿತಪ್ಪಿ ಬಂದದ್ದಲ್ಲ. ನಾವಿದ್ದಲ್ಲಿ ಇಲಿಯಿದೆ, ಇಲಿಯಿದ್ದಲ್ಲಿ ಅದಿದೆ.

ಇಷ್ಟು ಹತ್ತಿರದ ಹಕ್ಕಿಯ ಬಗ್ಗೆ ನಮ್ಮ ಮನಸ್ಸು ಎರಡು ದಿಕ್ಕಿಗೆ ಎಳೆಯುತ್ತದೆ. ನಸುಕಿನಲ್ಲಿ ಬುಡಬುಡಕಿಯವನು ಮನೆ ಮುಂದೆ ನಿಂತು ಹಾಲಕ್ಕಿ ನುಡಿದದ್ದನ್ನು ಕೇಳಿ ಬಂದೆ ಎಂದರೆ ಮನೆಯಾಕೆ ಮೊರದಲ್ಲಿ ಜೋಳ ತಂದು ಹಾಕುತ್ತಾಳೆ. ಅದೇ ಹಕ್ಕಿ ರಾತ್ರಿ ಮಾಳಿಗೆಯ ಮೇಲೆ ಕೂಗಿದರೆ ಕಲ್ಲು ಹುಡುಕುತ್ತೇವೆ. ಗೂಗಿ ಕೂಗಿದ ಮನೆಯಲ್ಲಿ ಸಾವು ಎಂಬ ಮಾತನ್ನು ನಂಬುವ ಹಿರಿಯರನ್ನು ನಾನು ಹಳಿಯಲಾರೆ. ವೈದ್ಯರಿಲ್ಲದ ಕಾಲದಲ್ಲಿ, ಕಾಯಿಲೆಯವರ ಪಕ್ಕ ರಾತ್ರಿಯಿಡೀ ಎಚ್ಚರವಿದ್ದವರ ಕಿವಿಗೆ ಬಿದ್ದದ್ದು ಆ ಕೂಗೊಂದೇ ಆಗಿದ್ದಿರಬಹುದು. ಆದರೆ ಮೂಢನಂಬಿಕೆಯನ್ನು ವ್ಯಾಪಾರ ಮಾಡಿಕೊಂಡವರ ಕಥೆ ಬೇರೆ. 2018ರ ಕೊನೆಯಲ್ಲಿ, ತೆಲಂಗಾಣ ವಿಧಾನಸಭೆ ಚುನಾವಣೆ ಹತ್ತಿರ ಬಂದಾಗ, ನಮ್ಮದೇ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಗೂಬೆ ಸಾಗಿಸುತ್ತಿದ್ದ ಆರು ಜನರನ್ನು ಪೊಲೀಸರು ಹಿಡಿದರು. ಗಡಿಯಾಚೆ ಎದುರಾಳಿಗೆ ಕೇಡು ಬಗೆಯುವ ಮಾಟಕ್ಕೆ ಆ ಹಕ್ಕಿಗಳು ಹೊರಟಿದ್ದವು. ಮಾಟಕ್ಕಾಗಿ, ದೀಪಾವಳಿಯ ಬಲಿಗಾಗಿ ದೇಶದಾದ್ಯಂತ ನಡೆಯುವ ಈ ದಂಧೆಯನ್ನು ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಇಂಡಿಯಾ ಸಂಸ್ಥೆ 2010ರಲ್ಲೇ ವರದಿ ಮಾಡಿತ್ತು. ಗೂಬೆ ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಪೆಟ್ಟಿಗೆ ಕಟ್ಟುವವರಿಗೆ ಇದರಿಂದ ಒಂದು ನಿಯಮ ಹುಟ್ಟುತ್ತದೆ: ಗೂಬೆ ಬಂದ ಮೇಲೆ ಆ ಜಾಗವನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚಬೇಡಿ, ಹೊರಗಿನವರಿಗೆ ತೋರಿಸಬೇಡಿ. ಓಣಿಯವರಿಗೆ ಗೊತ್ತಿದ್ದರೆ ಸಾಕು. ಅವರ ಕಣ್ಣೇ ಕಾವಲು.

ಇನ್ನು ಊರು ಬಿಟ್ಟು ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದ ಕಡೆ ನಡೆಯೋಣ. ಕೆಂಪು ಬಾಳೆಗೆ ಹೆಸರಾದ ಊರು. ಸುತ್ತ ತೊಗರಿ, ಹಿಂಗಾರಿ ಬಿಳಿಜೋಳ. ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಬದುವಿನಲ್ಲಿ ಹೆಗ್ಗಣದ ಬಿಲ. ಕಾಳು ಕಟ್ಟುವ ಹೊತ್ತಿಗೆ ಹೆಗ್ಗಣ ತೆನೆ ಕಡಿದು ಬಿಲದೊಳಗೆ ಒಯ್ದು ಕೂಡಿಡುತ್ತದೆ. ಬಿಲ ಅಗೆದು ಆ ಕಾಳನ್ನು ಮರಳಿ ತೆಗೆದವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಇಲ್ಲಿ ಬೇಕಾದ ಗೂಬೆ ಹಾಲಕ್ಕಿಯಲ್ಲ, ಕಣಜ ಗೂಬೆ. ಹೃದಯದಾಕಾರದ ಬಿಳಿ ಮುಖ, ಚಿನ್ನದ ಬಣ್ಣದ ಬೆನ್ನು, ಕಪ್ಪು ಕಣ್ಣು. ಊಟದಲ್ಲಿ ಬಹುಪಾಲು ಇಲಿ ಹೆಗ್ಗಣಗಳೇ.

ಕಣಜ ಗೂಬೆಯ ಕಿವಿಯನ್ನು ಅರ್ಥಮಾಡಿಕೊಳ್ಳಲು ವಿಜ್ಞಾನಿಗಳು ಕತ್ತಲೆ ಕೋಣೆ ಕಟ್ಟಬೇಕಾಯಿತು. ಅಮೆರಿಕದ ರೋಜರ್ ಪೇನ್, ಮುಂದೆ ತಿಮಿಂಗಿಲದ ಹಾಡನ್ನು ಜಗತ್ತಿಗೆ ಕೇಳಿಸಿದವರು, ನೆಲಕ್ಕೆ ಒಣ ಎಲೆ ಹರಡಿ, ಬೆಳಕಿನ ಒಂದು ಕಿರಣವೂ ಇಲ್ಲದಂತೆ ಮಾಡಿ, ಇಲಿಯನ್ನು ಬಿಟ್ಟರು. ಗೂಬೆ ನೇರ ಅದರ ಮೇಲೆಯೇ ಎರಗಿತು. ಇಲಿಯ ವಾಸನೆ ಹಿಡಿಯಿತೋ, ಮೈಬಿಸಿ ತಿಳಿಯಿತೋ ಎಂಬ ಸಂಶಯ ಕಳೆಯಲು ಮುದುಡಿದ ಕಾಗದದ ಉಂಡೆಯನ್ನು ದಾರ ಕಟ್ಟಿ ಎಲೆಗಳ ಮೇಲೆ ಎಳೆದರು. ಗೂಬೆ ಕಾಗದದ ಮೇಲೂ ಎರಗಿತು. ಸದ್ದೊಂದೇ ಅದಕ್ಕೆ ಸಾಕಿತ್ತು. ಆ ಕೆಲಸದ ಪೂರ್ಣ ವಿವರ 1971ರಲ್ಲಿ ಅಚ್ಚಾಯಿತು. 1978ರಲ್ಲಿ ಮಸಕಾಜು ಕೊನಿಶಿ ಮತ್ತು ಎರಿಕ್ ನುಡ್ಸೆನ್ ಇನ್ನೂ ಒಳಕ್ಕೆ ಹೋಗಿ, ಗೂಬೆಯ ಮಿದುಳಿನಲ್ಲಿ ಸದ್ದಿನ ದಿಕ್ಕುಗಳದೇ ಒಂದು ನಕ್ಷೆಯಿದೆ ಎಂದು ತೋರಿಸಿದರು. ಈ ದಿಕ್ಕಿನ ಸದ್ದಿಗೆ ಈ ನರಕೋಶ, ಆ ದಿಕ್ಕಿಗೆ ಆ ನರಕೋಶ.

ನಕ್ಷೆ ಹೇಗೆ ತುಂಬುತ್ತದೆ? ಬಲಗಡೆಯ ಸದ್ದು ಬಲಗಿವಿಗೆ ಎಡಗಿವಿಗಿಂತ ಕೂದಲೆಳೆಯಷ್ಟು ಮೊದಲು ಮುಟ್ಟುತ್ತದೆ. ಸೆಕೆಂಡಿನ ಲಕ್ಷದಲ್ಲೊಂದು ಪಾಲಿನ ಆಸುಪಾಸಿನ ಆ ವ್ಯತ್ಯಾಸವನ್ನು ಗೂಬೆ ಲೆಕ್ಕ ಹಾಕಿ ಎಡ ಬಲ ತಿಳಿಯುತ್ತದೆ. ಮೇಲೆ ಕೆಳಗೆ ತಿಳಿಯಲು ಮತ್ತೊಂದು ಏರ್ಪಾಡು: ಕಣಜ ಗೂಬೆಯ ಎರಡು ಕಿವಿರಂಧ್ರಗಳು ಒಂದೇ ಮಟ್ಟದಲ್ಲಿಲ್ಲ, ಎಡಗಡೆಯದು ಸ್ವಲ್ಪ ಮೇಲಿದೆ. ಒಂದು ಕಿವಿ ಕೆಳಗಿನ ಸದ್ದನ್ನು, ಇನ್ನೊಂದು ಮೇಲಿನ ಸದ್ದನ್ನು ಜೋರಾಗಿ ಕೇಳುತ್ತದೆ. ಮುಖದ ಗರಿತಟ್ಟೆ ಸದ್ದನ್ನು ಒಟ್ಟುಮಾಡಿ ಕಿವಿಗೆ ಸುರಿಯುತ್ತದೆ. ರೆಕ್ಕೆಯ ಮುಂದಂಚಿನ ಗರಿಯಲ್ಲಿ ಬಾಚಣಿಗೆಯಂಥ ಹಲ್ಲುಗಳಿವೆ, ಮೇಲೆ ಮಖಮಲ್ಲಿನ ನವುರು. ಗಾಳಿ ಸೀಳುವ ಸದ್ದು ಅಲ್ಲೇ ಅಡಗುತ್ತದೆ. ಹೀಗಾಗಿ ಇಲಿಗೆ ಗೂಬೆ ಬಂದದ್ದು ತಿಳಿಯುವುದಿಲ್ಲ, ಗೂಬೆಗೂ ತನ್ನದೇ ರೆಕ್ಕೆಯ ಸದ್ದು ಅಡ್ಡಬರುವುದಿಲ್ಲ.

ಇದರ ಮರಿಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 2017ರಲ್ಲಿ ವಿಶಾಖಪಟ್ಟಣದ ಕಟ್ಟಡವೊಂದರಲ್ಲಿ ಸಿಕ್ಕ ಕಣಜ ಗೂಬೆ ಮರಿಗಳ ವಿಡಿಯೊ ನೋಡಿ ಜನ ಅನ್ಯಗ್ರಹದ ಜೀವಿಗಳೆಂದರು. ನೀಳ ಮುಖ, ತೆಳುಗಾಲು, ಬುಸುಗುಟ್ಟುವ ಸದ್ದು, ಬೆದರುವುದು ಸಹಜ. ಆ ಬುಸುಗುಡುವಿಕೆಯಲ್ಲಿ ಮಾತುಕತೆ ನಡೆದಿರುತ್ತದೆ ಎಂದು ಸ್ವಿಟ್ಜರ್ಲೆಂಡಿನ ಅಲೆಕ್ಸಾಂದ್ರ್ ರೂಲಾಂ ಮತ್ತು ಸಂಗಡಿಗರು ತೋರಿಸಿದ್ದಾರೆ. ತಾಯ್ತಂದೆ ಇಲ್ಲದ ಹೊತ್ತಿನಲ್ಲಿ ಮರಿಗಳು ಕೂಗಿ ಕೂಗಿ ತಮ್ಮ ಹಸಿವೆಷ್ಟೆಂದು ಪರಸ್ಪರ ಸಾರುತ್ತವೆ. ಹೆಚ್ಚು ಹಸಿದದ್ದಕ್ಕೆ ಉಳಿದವು ದಾರಿ ಬಿಡುತ್ತವೆ. ಹಿರಿಯ ಮರಿ ತನ್ನ ಪಾಲಿನ ಇಲಿಯನ್ನು ಕಿರಿಯದಕ್ಕೆ ಕೊಡುವುದೂ ಉಂಟು.

ಕಣಜ ಗೂಬೆ ತನ್ನ ಗೂಡಿನ ಸುತ್ತಲಿನ ಸ್ವಲ್ಪ ಜಾಗ ಬಿಟ್ಟರೆ ಬೇಟೆಯ ನೆಲಕ್ಕಾಗಿ ಜಗಳವಾಡುವುದಿಲ್ಲ. ಹಾಗಾಗಿ ಇಲಿ ಇರುವಲ್ಲಿ, ಪೆಟ್ಟಿಗೆ ಇದ್ದಲ್ಲಿ ಹಲವು ಜೋಡಿ ಒಟ್ಟಿಗೆ ನೆಲೆಸಬಲ್ಲವು. ಮಲೇಷ್ಯಾದ ತಾಳೆ ಎಣ್ಣೆ ತೋಟಗಳಲ್ಲಿ ಐದರಿಂದ ಹತ್ತು ಹೆಕ್ಟೇರಿಗೆ ಒಂದರಂತೆ ಪೆಟ್ಟಿಗೆ ನೆಟ್ಟಿದ್ದಾರೆ. ಇಸ್ರೇಲಿನಲ್ಲಿ 1983ರಲ್ಲಿ ಒಂದು ಕಿಬ್ಬುಟ್ಸ್‌ನ, ಅಂದರೆ ಸಾಮೂಹಿಕ ಕೃಷಿ ಹಳ್ಳಿಯ, ಹೊಲದಲ್ಲಿ ಶುರುವಾದ ಪೆಟ್ಟಿಗೆಗಳು ಈಗ ಸಾವಿರಗಟ್ಟಲೆ. 2002ರಿಂದ ಜೋರ್ಡಾನಿನ ರೈತರೂ ಕೈಜೋಡಿಸಿದರು. ಗಡಿಯ ಎರಡು ಬದಿಯವರು ಮಾತುಬಿಟ್ಟ ದಿನಗಳಲ್ಲೂ ಗೂಬೆ ಎರಡೂ ಕಡೆಯ ಇಲಿಯನ್ನು ಹಿಡಿಯುತ್ತಿತ್ತು. ಆದರೆ ಗೂಬೆಯೇ ಇಲ್ಲದ ಕಡೆ ಅದನ್ನು ಒಯ್ದು ಬಿಡುವುದು ಅಪಾಯ. 1949ರಲ್ಲಿ ಸೆಶೆಲ್ಸ್ ದ್ವೀಪಗಳಿಗೆ ಇಲಿ ಹಿಡಿಯಲೆಂದು ತಂದ ಕಣಜ ಗೂಬೆಗಳು ಅಲ್ಲಿನ ಬಿಳಿ ರೀವ ಹಕ್ಕಿಗಳನ್ನು ತಿನ್ನತೊಡಗಿದವು. ನಮಗೆ ಆ ಚಿಂತೆಯಿಲ್ಲ. ಕಣಜ ಗೂಬೆ ನಮ್ಮ ಬಯಲಿನದೇ ಹಕ್ಕಿ. ತರುವುದು ಬೇಡ, ಇರಲು ಬಿಟ್ಟರಾಯಿತು.

ಇರಲು ಬಿಡುವುದರಲ್ಲಿ ಪೆಟ್ಟಿಗೆಗಿಂತ ಮೊದಲು ಬರುವುದು ಪಾಷಾಣದ ಪ್ರಶ್ನೆ. ಬ್ರೊಮಾಡಿಯೋಲೋನ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಿಷ ತಿಂದ ಇಲಿ ಒಡನೆ ಸಾಯುವುದಿಲ್ಲ. ಕೆಲವು ದಿನ ತೂಕಡಿಸುತ್ತ, ನಿಧಾನ ಓಡಾಡುತ್ತದೆ. ಗೂಬೆಗೆ ಸುಲಭವಾಗಿ ಸಿಗುವುದು ಅಂಥ ಇಲಿಯೇ, ಮತ್ತು ವಿಷ ಗೂಬೆಯ ಯಕೃತ್ತಿನಲ್ಲಿ ಸೇರುತ್ತ ಹೋಗುತ್ತದೆ. ಪೆಟ್ಟಿಗೆ ನೆಟ್ಟ ಹೊಲದಲ್ಲಿಯೇ ಈ ವಿಷ ಇಟ್ಟರೆ ಹಕ್ಕಿಯನ್ನು ಕರೆದು ಕೊಂದಂತೆ. ಬದುವಿನ ಬಿಲ ಅಗೆಯುವುದು, ಬೋನು, ರಾಶಿ ಮುಗಿದೊಡನೆ ಕಣ ಸ್ವಚ್ಛ ಮಾಡುವುದು, ಬಣವೆಯನ್ನು ನೆಲದಿಂದ ಎತ್ತರಿಸಿ ಒಟ್ಟುವುದು, ಇವು ಗೂಬೆಯ ಜೊತೆಗೆ ಹೊಂದುವ ಉಪಾಯಗಳು. ಗೂಬೆ ಒಂದೇ ಇಲಿಯನ್ನೆಲ್ಲ ಮುಗಿಸುತ್ತದೆ ಎಂದು ರೈತರಿಗೆ ಹೇಳುವುದೂ ತಪ್ಪು. ಅದು ಇಲಿಯ ಏರಿಕೆಯನ್ನು ತಗ್ಗಿಸಬಲ್ಲದು. ಅಷ್ಟಕ್ಕೇ ಅದು ಬೆಲೆಯುಳ್ಳದ್ದು.

ಈಗ ಪೆಟ್ಟಿಗೆ. ವಿದೇಶದ ಅಳತೆ ಸಿಗುತ್ತದೆ, ಅದನ್ನು ಹಾಗೇ ಕಟ್ಟಿಸಿದರೆ ಕಲಬುರಗಿಯ ಬೇಸಿಗೆಯಲ್ಲಿ ಮರಿ ಬೆಂದುಹೋಗುತ್ತವೆ. ಬ್ರಿಟನ್ನಿನವರಿಗೆ ಚಳಿ, ಮಳೆಗಳ ಚಿಂತೆ. ನಮಗೆ 42 ಡಿಗ್ರಿ ದಾಟುವ ಬಿಸಿಲಿನದು. ಬದುಕಿರುವ ಮರದ ಪೊಟರೆ ದಪ್ಪ ಗೋಡೆಯಿಂದ, ಒಳಗಿನ ತೇವದಿಂದ ತಂಪಾಗಿರುತ್ತದೆ. ತೆಳು ಹಲಗೆಯ ಪೆಟ್ಟಿಗೆಗೆ ಆ ಗುಣವಿಲ್ಲ. ತಗಡಿನ ಡಬ್ಬವಂತೂ ಬೇಡವೇ ಬೇಡ. ಎರಡು ಸೆಂಟಿಮೀಟರ್ ದಪ್ಪದ ಮಾವಿನ ಇಲ್ಲವೇ ಬೇವಿನ ಹಲಗೆ ಸಾಕು. ಮೇಲೆ ಎರಡು ಛಾವಣಿ ಇರಲಿ, ನಡುವೆ ಮೂರು ಬೆರಳು ಗಾಳಿಯ ಸಂದು. ಬಿಸಿಲನ್ನು ಮೇಲಿನ ಹಲಗೆ ತಡೆಯುತ್ತದೆ, ಗಾಳಿ ಬಿಸಿಯನ್ನು ಒಯ್ಯುತ್ತದೆ. ಗೋಡೆಯ ಮೇಲ್ಭಾಗದಲ್ಲಿ ಸಣ್ಣ ಗಾಳಿತೂತು, ತಳದಲ್ಲಿ ನೀರು ಬಸಿಯುವ ತೂತು. ಹೊರಗೆ ಸುಣ್ಣ ಬಳಿಯಬಹುದು. ಒಳಗೆ ಬಣ್ಣ, ವಾರ್ನಿಶ್ ಏನೂ ಬೇಡ. ಹಲಗೆ ಒರಟಾಗಿಯೇ ಇರಲಿ, ಮರಿಗಳು ಉಗುರೂರಿ ಹತ್ತಬೇಕು. ಬಾಯಿ ಉತ್ತರಕ್ಕೋ ಪೂರ್ವಕ್ಕೋ ಇರಲಿ. ಪಡುವಣ ಬಿಸಿಲು ಒಳಗೆ ಬೀಳಬಾರದು.

ಹಾಲಕ್ಕಿಗೆ ತಳ 20 ಸೆಂಟಿಮೀಟರ್ ಚೌಕ, ಎತ್ತರ 40ರಷ್ಟು, ಮೇಲ್ಭಾಗದಲ್ಲಿ ಏಳೆಂಟು ಸೆಂಟಿಮೀಟರಿನ ದುಂಡು ಬಾಯಿ. ಕಾಗೆ ಒಳಹೊಗದು, ಗೊರವಂಕ ಮಾತ್ರ ಹೊಕ್ಕೀತು. ಹೊಕ್ಕರೆ ಬೇಸರ ಬೇಡ, ಅದಕ್ಕೂ ಮನೆ ಬೇಕಿತ್ತು. ಇನ್ನೊಂದು ಪೆಟ್ಟಿಗೆ ಕಟ್ಟಿ. ಕಣಜ ಗೂಬೆಗೆ ತಳ 40 ಗುಣಿಸು 60, ಬಾಯಿ 13 ಸೆಂಟಿಮೀಟರ್ ಚೌಕ, ಬಾಯಿಯ ಕೆಳಂಚಿನಿಂದ ತಳದವರೆಗೆ 45 ಸೆಂಟಿಮೀಟರ್ ಆಳ. ಈ ಆಳವನ್ನು ಬಡಗಿ ಎಷ್ಟೇ ಹೇಳಿದರೂ ಕಡಿಮೆ ಮಾಡಬೇಡಿ. ಹಾರಲು ಬಾರದ ಮರಿ ಹೊರಗೆ ಬೀಳದಿರುವುದು ಅದರಿಂದಲೇ. ಬಾಯಿಯ ಮುಂದೆ ಕೂರಲು ಕಡ್ಡಿ ಬೇಡ, ಅದು ಕಾಗೆಗೆ ಕುರ್ಚಿ. ನೆಲದಿಂದ ಮೂರು ನಾಲ್ಕು ಮೀಟರ್ ಎತ್ತರ, ಕಂಬಕ್ಕೆ ಬೆಕ್ಕು ಹಾವು ಹತ್ತದಂತೆ ನುಣುಪಾದ ತಗಡಿನ ಪಟ್ಟಿ. ತಗಡಿಗೆ ಇಲ್ಲಿ ಮಾತ್ರ ಕೆಲಸ. ತಳಕ್ಕೆ ಎರಡು ಬೊಗಸೆ ಒಣ ಮರದ ಹೊಟ್ಟು.

ಬನ್ನಿ ಹಬ್ಬದೊಳಗೆ ಪೆಟ್ಟಿಗೆ ಗಿಡದಲ್ಲಿರಬೇಕು, ಏಕೆಂದರೆ ನವೆಂಬರಿನಲ್ಲಿ ಹಾಲಕ್ಕಿ ಜಾಗ ನೋಡತೊಡಗುತ್ತದೆ. ಮೊದಲ ವರ್ಷ ಬಾರದಿರಬಹುದು. ಬಂದ ಮೇಲೆ ಏಣಿ ಹಾಕಿ ಇಣುಕಬಾರದು. ಕಾವಿಗೆ ಕೂತ ಹಕ್ಕಿ ಒಮ್ಮೆ ಬೆದರಿದರೆ ಮೊಟ್ಟೆ ಬಿಟ್ಟು ಹೋಗಬಹುದು. ಒಳಗೆ ಯಾರಿದ್ದಾರೆ ಎಂದು ತಿಳಿಯಲು ಸಂಜೆ ದೂರದ ಮಾಳಿಗೆಯಿಂದ ನೋಡಿದರೆ ಸಾಕು. ಮಾರ್ಚ್ ಏಪ್ರಿಲಿನಲ್ಲಿ ಅರೆಗರಿ ಬಂದ ಮರಿ ಕೆಳಗೆ ಬಿದ್ದು ಸಿಕ್ಕರೆ ಮನೆಯೊಳಗೆ ಒಯ್ಯಬೇಡಿ. ಗಾಯವಿಲ್ಲದಿದ್ದರೆ ಅದೇ ಗಿಡದ ನೆರಳಿನ ಕೊಂಬೆಯ ಮೇಲೆ ಕೂರಿಸಿ. ತಾಯಿ ಅದರ ದನಿ ಕೇಳಿ ಬಂದು ಉಣಿಸುತ್ತದೆ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎಂಬ ಮಾತು ಗೂಬೆಯ ಮಟ್ಟಿಗೆ ಸುಳ್ಳು. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಗೂಡು ಖಾಲಿಯಾದ ಮೇಲೆ, ಮಳೆಗಾಲದಲ್ಲಿ, ಪೆಟ್ಟಿಗೆ ತೆರೆದು ಸ್ವಚ್ಛ ಮಾಡುವಾಗ ಸಿಗುವ ಬೂದುಬಣ್ಣದ ಉಂಡೆಗಳನ್ನು ಎಸೆಯಬೇಡಿ. ಗೂಬೆ ಇಲಿಯನ್ನು ಇಡಿಯಾಗಿ ನುಂಗುತ್ತದೆ. ಜೀರ್ಣವಾಗದ ಕೂದಲು, ಎಲುಬುಗಳನ್ನು ಹೊಟ್ಟೆಯಲ್ಲೇ ಉಂಡೆ ಕಟ್ಟಿ ಬಾಯಿಯಿಂದ ಹೊರಹಾಕುತ್ತದೆ. ಕಣಜ ಗೂಬೆಯ ಉಂಡೆ ಹೆಬ್ಬೆರಳ ಗಾತ್ರದ್ದು, ಹೊಸದಾಗಿದ್ದಾಗ ಕಪ್ಪು ಹೊಳಪು, ಒಣಗಿದಾಗ ಬೂದು. ಕೈಗೆ ಗವಸು ಹಾಕಿ, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಬೆಚ್ಚಗಿನ ನೀರಿನಲ್ಲಿ ನೆನೆಸಿ, ಚಿಮಟದಿಂದ ಬಿಡಿಸಿದರೆ ತಲೆಬುರುಡೆಗಳು ಇಡಿಯಾಗಿ ಬರುತ್ತವೆ. ಮುಂದೆ ಎರಡು ಉದ್ದ ಕಿತ್ತಳೆ ಬಣ್ಣದ ಉಳಿಹಲ್ಲು, ಆಮೇಲೆ ಖಾಲಿ, ಹಿಂದೆ ದವಡೆಹಲ್ಲು ಇದ್ದರೆ ಇಲಿ ಜಾತಿ. ಖಾಲಿಯಿಲ್ಲದೆ ಮೊನಚು ಹಲ್ಲಿನ ಸಾಲೇ ಇದ್ದರೆ ಸೊಂಡಿಲಿ. ಬುರುಡೆ ದೊಡ್ಡದಿದ್ದು ಉಳಿಹಲ್ಲು ಅಗಲವಾಗಿದ್ದರೆ ಹೆಗ್ಗಣ, ಬೆರಳ ತುದಿಯಷ್ಟಿದ್ದರೆ ಹೊಲದ ಚಿಟ್ಟಿಲಿ. ಕಮಲಾಪುರದ ಶಾಲೆಯ ಮಕ್ಕಳು ಒಂದು ಪೆಟ್ಟಿಗೆಯ ಕೆಳಗೆ ಬಿದ್ದ ಉಂಡೆಗಳನ್ನೂ ತಿಂಗಳಿಗೊಮ್ಮೆ ಆರಿಸಿ ಹೀಗೆ ಬಿಡಿಸಿ, ತಿಂಗಳುವಾರು ಬರೆದಿಟ್ಟರೆ, ತೊಗರಿ ಹೂ ಕಟ್ಟುವಾಗ ಹೊಲದಲ್ಲಿದ್ದದ್ದು ಯಾವ ಇಲಿ, ಜೋಳದ ರಾಶಿಯ ಹೊತ್ತಿಗೆ ಯಾವುದು ಹೆಚ್ಚಿತು ಎಂಬ ಲೆಕ್ಕ ಅವರ ವಹಿಯಲ್ಲೇ ಇರುತ್ತದೆ.